ಮೂವತ್ತೈದು ದಾಟಿದ ಮೇಲೆ ಬಿಡಿಎಸ್: ಓದಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಬಿಡಿಎಸ್ ಎಂಬ ದಂತವೈದ್ಯಕೀಯ ಪದವಿಗೆ ಸೇರಲು ಬರೆಯಬೇಕಾದ ನೀಟ್ ಪ್ರವೇಶ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿ 2022ರಲ್ಲಿ ರದ್ದಾಯಿತು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು ಎಂಬ ಕನಿಷ್ಠ ಮಿತಿ ಮಾತ್ರ ಉಳಿದಿದೆ. ಆ ಮೇಲಿಂದ ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ದಾದಿಯರು, ಲ್ಯಾಬ್ ಟೆಕ್ನಿಷಿಯನ್ನರು, ಶಿಕ್ಷಕರು, ಗಲ್ಫಿನಿಂದ ಮರಳಿದವರು ದಂತವೈದ್ಯಕೀಯದ ಬಗ್ಗೆ ವಿಚಾರಿಸುವುದು ಹೆಚ್ಚಾಗಿದೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ: ಮೊದಲು ಕೋಚಿಂಗಿಗೆ ಸೇರುತ್ತಾರೆ, ಕೆಲಸ ಬಿಡುತ್ತಾರೆ, ಒಂದು ವರ್ಷ ಓದುತ್ತಾರೆ. ಅಂಕಪಟ್ಟಿಯಲ್ಲಿ ಜೀವಶಾಸ್ತ್ರ ಇಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ, ಕುತ್ತಿಗೆ ನೋವಿಗೆ ಈ ಕೆಲಸ ಆಗದು ಎಂಬುದೆಲ್ಲ ಗೊತ್ತಾಗುವುದು ಆಮೇಲೆ.

ಆದ್ದರಿಂದ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಖರ್ಚಿಲ್ಲದ, ಹಿಂದೆ ಸರಿಯಲು ಸುಲಭವಾದ ಪರೀಕ್ಷೆಗಳು ಮೊದಲು. ದುಡ್ಡು ಮತ್ತು ಉದ್ಯೋಗ ಪಣಕ್ಕಿಡುವ ಹೆಜ್ಜೆಗಳು ಕೊನೆಗೆ. ನೀಟ್ ತಯಾರಿ ಬರುವುದು ಏಳನೇ ಹಂತದಲ್ಲಿ. ಒಂದು ಹಂತದಲ್ಲಿ ಸ್ಪಷ್ಟವಾಗಿ ‘ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಇಡೀ ಪರಿಶೀಲನೆಗೆ ಆರು ತಿಂಗಳು ಇಟ್ಟುಕೊಳ್ಳಿ.

ಕೈಯಲ್ಲಿರಬೇಕಾದ್ದು: 200 ಪುಟದ ಒಂದು ನೋಟ್‌ಬುಕ್, ಮೂಲ ದಾಖಲೆಗಳ ಕಡತ, 15 ಸೆಂ.ಮೀ. ಸ್ಕೇಲು, ವರ್ನಿಯರ್ ಕ್ಯಾಲಿಪರ್, ಕೆತ್ತನೆಗೆ ಮೇಣದ ಬ್ಲಾಕ್, ಮೇಣ ಕತ್ತರಿಸುವ ವ್ಯಾಕ್ಸ್ ನೈಫ್, ನಯವಾಗಿ ಕೆತ್ತುವ ಲೆಕ್ರಾನ್ ಕಾರ್ವರ್, ಅಂಗೈ ಅಗಲದ ಕನ್ನಡಿ. ಕೆತ್ತುವ ಸಾಮಾನು ಮಂಗಳೂರಿನ ಡೆಂಟಲ್ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ.

ಹಂತ 1: ದಂತವೈದ್ಯರ ದಿನವನ್ನು ಪೂರ್ತಿ ನೋಡಿ

ಪರಿಚಯದ ಕ್ಲಿನಿಕ್ಕಿನಲ್ಲಿ ಕೇಳಿಕೊಂಡು ಕನಿಷ್ಠ 40 ಗಂಟೆ ಕುಳಿತು ನೋಡಬೇಕು. ಒಂದೇ ಕಡೆ ಸಾಲದು. ಪೇಟೆಯ ಕ್ಲಿನಿಕ್ ಒಂದು, ಹಳ್ಳಿ ಬದಿಯದ್ದು ಒಂದು, ಸಾಧ್ಯವಾದರೆ ಕಾಲೇಜಿನ ಹೊರರೋಗಿ ವಿಭಾಗ ಒಂದು. ರೋಗಿಯ ಒಪ್ಪಿಗೆ ಇಲ್ಲದೆ ಒಳಗೆ ನಿಲ್ಲಬೇಡಿ. ಫೋಟೊ ತೆಗೆಯಬೇಡಿ, ಏನನ್ನೂ ಮುಟ್ಟಬೇಡಿ.

ನೋಡಬೇಕಾದ್ದು ಚಿಕಿತ್ಸೆಯ ಚಂದವನ್ನಲ್ಲ. ದವಡೆ ಹಲ್ಲಿನ ಬೇರುನಾಳ ಚಿಕಿತ್ಸೆ ನಡೆಯುವಾಗ ವೈದ್ಯರ ಕುತ್ತಿಗೆ ಎಷ್ಟು ಹೊತ್ತು ಬಾಗಿರುತ್ತದೆ? ಬಾಯಿ ತೆರೆಯಲು ಒಪ್ಪದ ಮಗುವಿನ ಹತ್ತಿರ ಎಷ್ಟು ಹೊತ್ತು ಹೋಗುತ್ತದೆ? ಪೂರ್ತಿ ದಂತಪಂಕ್ತಿ ಹಾಕಿಸಿಕೊಂಡ ಅಜ್ಜ ನಾಲ್ಕನೇ ಸಲ ಬಂದು “ಒತ್ತುತ್ತದೆ” ಎಂದಾಗ ಏನು ಮಾಡುತ್ತಾರೆ? ದುಡ್ಡಿನ ಮಾತು ಯಾರು ಆಡುತ್ತಾರೆ, ಹೇಗೆ? ಪ್ರತಿ ಗಂಟೆಗೆ ಎರಡು ಸಾಲು ಬರೆದಿಡಿ. ರಕ್ತ, ಎಂಜಲು, ಬಾಯಿಯ ವಾಸನೆ ಮೊದಲ ದಿನ ಕಷ್ಟವಾದರೆ ಹೆದರಬೇಕಿಲ್ಲ, ಅಭ್ಯಾಸವಾಗುತ್ತದೆ. ಹತ್ತನೇ ಗಂಟೆಗೆ ಬೇಸರ ಹುಟ್ಟಿದರೆ, ಇಪ್ಪತ್ತನೇ ಗಂಟೆಗೂ ಅದು ಹೋಗದಿದ್ದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಇದೇ ಕೆಲಸವನ್ನು ಮುಂದೆ ದಿನಕ್ಕೆ ಎಂಟು ಗಂಟೆ ಮಾಡಬೇಕಾಗುತ್ತದೆ.

ಹಲ್ಲಿನ ಕ್ಷೇತ್ರ ಇಷ್ಟ, ಆದರೆ ಐದು ವರ್ಷ ಸಾಧ್ಯವಿಲ್ಲ ಎನ್ನುವವರಿಗೆ ಡೆಂಟಲ್ ಹೈಜೀನಿಸ್ಟ್ ಮತ್ತು ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಡಿಪ್ಲೊಮಾಗಳಿವೆ. ಎರಡಕ್ಕೂ ರಾಜ್ಯ ದಂತ ಪರಿಷತ್ತಿನ ನೋಂದಣಿ ಇದೆ. ಕೈಕೆಲಸ ಹಿಡಿಸುವವರಿಗೆ, ಜನರೊಂದಿಗೆ ಮಾತು ಕಡಿಮೆ ಬೇಕೆನ್ನುವವರಿಗೆ ಮೆಕ್ಯಾನಿಕ್ ಕೆಲಸ ಚೆನ್ನಾಗಿ ಒಗ್ಗುತ್ತದೆ. ಈ ದಾರಿಯನ್ನು ಸೋಲು ಎಂದುಕೊಳ್ಳುವುದು ತಪ್ಪು.

ಹಂತ 2: ಕಾಗದಪತ್ರ ನಿಲ್ಲುತ್ತವೆಯೇ?

ಪ್ಲಸ್ ಟು ಅಥವಾ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಬಯೋಟೆಕ್ನಾಲಜಿ, ಜತೆಗೆ ಇಂಗ್ಲಿಷ್ ಪಾಸಾಗಿರಬೇಕು. ಮೂರು ವಿಜ್ಞಾನ ವಿಷಯಗಳ ಒಟ್ಟು ಅಂಕ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಕ್ಕೆ ಶೇ. 40, ಅಂಗವಿಕಲ ಸಾಮಾನ್ಯ ಅಭ್ಯರ್ಥಿಗಳಿಗೆ ಶೇ. 45. ಇದು ಮೂರು ವಿಷಯಗಳ ಮೊತ್ತ. ಇಡೀ ಅಂಕಪಟ್ಟಿಯ ಸರಾಸರಿ ಅಲ್ಲ. ಭಾಷೆಗಳಲ್ಲಿ ಬಂದ ಒಳ್ಳೆಯ ಅಂಕವನ್ನು ಸೇರಿಸಿ ಲೆಕ್ಕ ಹಾಕಿ “ನನಗೆ 58 ಇದೆ” ಎಂದುಕೊಂಡವರಿಗೆ ನಿಜವಾದ ಸಂಖ್ಯೆ 46 ಆಗಿರಬಹುದು. ಕ್ಯಾಲ್ಕುಲೇಟರ್ ಹಿಡಿದು ಈಗಲೇ ನೋಡಿ.

ಕಾಮರ್ಸ್ ಓದಿದವರು, ಅಂಕ ಸಾಲದವರು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿಯ ವಿಜ್ಞಾನ ವಿಷಯಗಳನ್ನು ಬರೆಯಬಹುದು. ನೋಂದಣಿಯಿಂದ ಅಂಕಪಟ್ಟಿಯವರೆಗೆ ಒಂದು ವರ್ಷವನ್ನು ಯೋಜನೆಗೆ ಸೇರಿಸಿಕೊಳ್ಳಿ. ಪ್ರಾಯೋಗಿಕ ಪರೀಕ್ಷೆ ತಪ್ಪಿಸಬೇಡಿ. ಆ ವರ್ಷದ ನೀಟ್ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಅಧ್ಯಾಯವನ್ನು ಓದಿದ ಮೇಲೆಯೇ ಶುಲ್ಕ ಕಟ್ಟಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ನಲವತ್ತು ದಾಟಿದವರಿಗೆ ಬರುವ ತೊಡಕು ಬೇರೆ. ಅವರಲ್ಲಿ ಕೆಲವರು ಓದಿದ್ದು ಪ್ಲಸ್ ಟು ಅಲ್ಲ, ಪ್ರೀ-ಡಿಗ್ರಿ. ಅದರ ಅಂಕಪಟ್ಟಿ ಬೋರ್ಡಿನದ್ದಲ್ಲ, ವಿಶ್ವವಿದ್ಯಾನಿಲಯದ್ದು: ವರ್ಷ ನೋಡಿಕೊಂಡು ಕಲ್ಲಿಕೋಟೆ ಅಥವಾ ಕಣ್ಣೂರು. ಕಳೆದುಹೋಗಿದ್ದರೆ ನಕಲಿಗೆ ಅಲ್ಲಿಗೇ ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಗಡಿ ದಾಟಿ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಪಿಯುಸಿ ಮಾಡಿದವರದ್ದು ಕರ್ನಾಟಕದ ಮಂಡಳಿ.

ಹೆಸರಿನ ವ್ಯತ್ಯಾಸ ಇನ್ನೊಂದು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್, ಆಧಾರಿನಲ್ಲಿ ಮನೆಹೆಸರು, ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಅರ್ಜಿ ಹಾಕುವಾಗ ಇದು ಸಿಕ್ಕಿಹಾಕಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಪುಸ್ತಕವನ್ನು ಆಧಾರವಾಗಿಟ್ಟು ಉಳಿದದ್ದನ್ನು ಅದಕ್ಕೆ ಸರಿಹೊಂದಿಸಿ. ಆಧಾರ್ ತಿದ್ದುಪಡಿ ಅಕ್ಷಯ ಕೇಂದ್ರದಲ್ಲಿ ಆಗುತ್ತದೆ. ಕಡತದಲ್ಲಿ ಇವೂ ಇರಲಿ: ವರ್ಗಾವಣೆ ಪತ್ರ, ನಡತೆ ಪತ್ರ, ಓದು ನಿಂತ ವರ್ಷಗಳಿಗೆ ನೋಟರಿ ಮಾಡಿಸಿದ ಪ್ರಮಾಣಪತ್ರ, ಗ್ರಾಮ ಕಚೇರಿಯ ನೇಟಿವಿಟಿ ಪತ್ರ, ಜಾತಿ ಮತ್ತು ಕೆನೆಪದರೇತರ ಪತ್ರ. ಕೇರಳದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ, ಕರ್ನಾಟಕದ ಪ್ರವರ್ಗ ಬೇರೆ. ಒಂದರ ಪತ್ರ ಇನ್ನೊಂದಕ್ಕೆ ನಡೆಯುವುದಿಲ್ಲ.

ಹಂತ 3: ಕಣ್ಣು, ಕೈ, ಕುತ್ತಿಗೆ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಹದಿನೆಂಟರ ಹುಡುಗನಿಗೆ ಇದು ಬೇಕಿಲ್ಲದಿರಬಹುದು. ಮೂವತ್ತೈದು, ನಲವತ್ತರವರಿಗೆ ಇದೇ ತೀರ್ಮಾನದ ತಿರುಳು.

ಕಣ್ಣು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ದೃಷ್ಟಿ ಕುಂದತೊಡಗುತ್ತದೆ. ದಂತವೈದ್ಯರ ಕಣ್ಣಿಗೂ ರೋಗಿಯ ಬಾಯಿಗೂ ಇರುವ ಅಂತರ ಸುಮಾರು 35ರಿಂದ 45 ಸೆಂ.ಮೀ. ಕಣ್ಣಿನ ವೈದ್ಯರಲ್ಲಿ ಹೋಗುವಾಗ ಬರೇ ಓದುವ ಕನ್ನಡಕ ಕೇಳಬೇಡಿ. ಈ ಅಂತರವನ್ನು ಹೇಳಿ, ಆ ದೂರಕ್ಕೆ ಪರೀಕ್ಷಿಸಿಕೊಳ್ಳಿ. 2.5 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಎಂಬ ಕನ್ನಡಕ ಇದೆ, ಅದನ್ನು ಕಣ್ಣಿನ ಪವರಿಗೆ ಹೊಂದಿಸಿಕೊಳ್ಳಬಹುದು. ಹಾಗಾಗಿ ದೃಷ್ಟಿ ಕುಂದಿದ್ದರಿಂದಲೇ ದಾರಿ ಮುಚ್ಚುವುದಿಲ್ಲ. ಬಣ್ಣಗುರುಡು ಇದ್ದರೆ ಹಲ್ಲಿನ ಬಣ್ಣ ಹೊಂದಿಸುವ ಕೆಲಸಕ್ಕೆ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ.

ಕನ್ನಡಿ ಪರೀಕ್ಷೆ. ಮೇಲಿನ ಹಲ್ಲುಗಳ ಹಿಂಬದಿ ನೇರವಾಗಿ ಕಾಣುವುದಿಲ್ಲ, ಕನ್ನಡಿಯಲ್ಲಿ ನೋಡಿಯೇ ಕೆಲಸ ಮಾಡಬೇಕು. ಕಾಗದದ ಮೇಲೆ ಒಂದು ನಕ್ಷತ್ರ ಬರೆದು, ಅದರ ಹೊರಗೆ 2 ಮಿ.ಮೀ. ದೂರದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎದುರಿಗೆ ಕನ್ನಡಿ ನಿಲ್ಲಿಸಿ, ಕೈ ನೇರವಾಗಿ ಕಾಣದ ಹಾಗೆ ಮೇಲೊಂದು ರಟ್ಟು ಅಡ್ಡ ಇಡಿ. ಕನ್ನಡಿಯನ್ನು ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ. ಗೆರೆ ದಾಟಿದ ಸಲಗಳನ್ನು ಎಣಿಸಿ ಬರೆಯಿರಿ. ಮೊದಲ ದಿನ ಎಲ್ಲರದ್ದೂ ಹಾಳೇ. ದಿನಕ್ಕೆ 15 ನಿಮಿಷದಂತೆ ಎರಡು ವಾರ ಮಾಡಿ, ಎಣಿಕೆ ಇಳಿಯುತ್ತದೆಯೇ ನೋಡಿ. ಇಳಿದರೆ ಕೈ ಕಲಿಯುತ್ತಿದೆ ಎಂದರ್ಥ. ಸ್ವಲ್ಪವೂ ಇಳಿಯದಿದ್ದರೆ ಇನ್ನೆರಡು ವಾರ ಕೊಟ್ಟು ನೋಡಿ.

ಮೇಣದ ಹಲ್ಲು. ಮೊದಲ ವರ್ಷದಲ್ಲಿ ಮೇಣದ ಬ್ಲಾಕಿನಲ್ಲಿ ಹಲ್ಲು ಕೆತ್ತುವುದೇ ದೊಡ್ಡ ಕೆಲಸ. ಮೇಲಿನ ನಡುವಿನ ಬಾಚಿಹಲ್ಲನ್ನು ಆರಿಸಿಕೊಳ್ಳಿ. ಪಠ್ಯಪುಸ್ತಕದ ಸರಾಸರಿ ಅಳತೆ: ಕಿರೀಟದ ಉದ್ದ 10.5 ಮಿ.ಮೀ., ಬೇರು 13 ಮಿ.ಮೀ., ಅಗಲ 8.5 ಮಿ.ಮೀ., ಮುಂದಿನಿಂದ ಹಿಂದಕ್ಕೆ 7 ಮಿ.ಮೀ. ಕಲಿಯಲು ಮೂರು ಪಟ್ಟು ದೊಡ್ಡದಾಗಿ ಮಾಡಿ: ಕಿರೀಟ 31.5, ಬೇರು 39, ಅಗಲ 25.5, ದಪ್ಪ 21. ಬ್ಲಾಕಿನ ನಾಲ್ಕೂ ಮುಖಗಳಲ್ಲಿ ನಡುಗೆರೆ ಎಳೆಯಿರಿ. ಮೊದಲು ಮುಂಬದಿಯ ರೂಪರೇಖೆ ಬರೆದು ಅದರಷ್ಟೇ ಕತ್ತರಿಸಿ, ಆಮೇಲೆ ಪಕ್ಕದ ರೂಪರೇಖೆ ಬರೆದು ಕತ್ತರಿಸಿ. ಕೊನೆಗೆ ಮೂಲೆಗಳನ್ನು ಉರುಟು ಮಾಡಿ. ಕಚ್ಚುವ ಅಂಚಿನಲ್ಲಿ ಬಾಯಿಯ ನಡುವಿನ ಕಡೆಗಿರುವ ಮೂಲೆ ಚೂಪು, ಆಚೆಯದ್ದು ಉರುಟು. ಎಡ ಹಲ್ಲು ಯಾವುದು, ಬಲ ಯಾವುದು ಎಂದು ಗೊತ್ತಾಗುವುದು ಇದರಿಂದ.

ಹಾಳಾಗುವುದು ಎಲ್ಲಿ? ನಾಲ್ಕೂ ಬದಿಯನ್ನು ಒಟ್ಟಿಗೆ ಕೆತ್ತಲು ಹೊರಟು ನಡುಗೆರೆ ಅಳಿಸಿಕೊಳ್ಳುವಲ್ಲಿ. ಕಿರೀಟ ಮತ್ತು ಬೇರು ಸೇರುವ ಕುತ್ತಿಗೆಯಲ್ಲಿ ಆಳಕ್ಕೆ ಚಾಕು ಹಾಕಿ ತುಂಡು ಮಾಡುವಲ್ಲಿ. ಚಳಿಯ ಬೆಳಗ್ಗೆ ಗಟ್ಟಿಯಾದ ಮೇಣವನ್ನು ಬೆಚ್ಚಗೆ ಮಾಡದೆ ಕೆತ್ತಿ ಚಕ್ಕೆ ಎಬ್ಬಿಸುವಲ್ಲಿ. ಒಂದು ಹಲ್ಲಿಗೆ ಎರಡು ಗಂಟೆಯಂತೆ ಆರು ಹಲ್ಲು ಕೆತ್ತಿ, ಪ್ರತಿಯೊಂದನ್ನೂ ಕ್ಯಾಲಿಪರಿನಲ್ಲಿ ಅಳೆದು ಬರೆಯಿರಿ. ಆರನೆಯದರಲ್ಲಿ ವ್ಯತ್ಯಾಸ 1 ಮಿ.ಮೀ. ಒಳಗೆ ಬಂದಿದ್ದರೆ ಕೈಯ ಬಗ್ಗೆ ಚಿಂತೆ ಬೇಡ. ಚಿತ್ರಕಲೆ ಬರಬೇಕೆಂದಿಲ್ಲ, ಹೊಲಿಗೆ, ಗಡಿಯಾರ ರಿಪೇರಿ, ಮಲ್ಲಿಗೆ ಕಟ್ಟುವ ಅಭ್ಯಾಸ ಇದ್ದವರ ಬೆರಳು ಬೇಗ ಹೊಂದಿಕೊಳ್ಳುತ್ತದೆ.

ಕುತ್ತಿಗೆ ಮತ್ತು ಬೆನ್ನು. ಆ ಎರಡು ಗಂಟೆಯ ಕೆತ್ತನೆಯೇ ಇದಕ್ಕೂ ಪರೀಕ್ಷೆ. ಸಣ್ಣ ನೋವು ಎಲ್ಲರಿಗೂ ಬರುತ್ತದೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನೋವು, ಬೆರಳು ಜೋಮು ಹಿಡಿಯುವುದು, ರಾತ್ರಿ ಮಣಿಕಟ್ಟು ನೋವಿನಿಂದ ಎಚ್ಚರವಾಗುವುದು, ಕೈ ನಡುಗುವುದು, ಇವುಗಳಲ್ಲಿ ಒಂದಿದ್ದರೂ ಮುಂದೆ ಹೋಗುವ ಮೊದಲು ಮೂಳೆ ಅಥವಾ ನರರೋಗ ತಜ್ಞರನ್ನು ಕಾಣಿ. ಕುತ್ತಿಗೆ, ಬೆನ್ನಿನ ತೊಂದರೆ ದಂತವೈದ್ಯರಲ್ಲಿ ವ್ಯಾಪಕ; ಈಗಾಗಲೇ ಇರುವುದು ಈ ಕೆಲಸದಲ್ಲಿ ಕಡಿಮೆಯಾಗುವ ಸಂಭವ ಕಡಿಮೆ.

ಹೆಪಟೈಟಿಸ್ ಬಿ ಲಸಿಕೆಯನ್ನೂ ಈಗಲೇ ಶುರು ಮಾಡಬಹುದು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ. ಪ್ರತಿಕಾಯ ಮಿಲಿಲೀಟರಿಗೆ 10 ಮಿಲಿ ಅಂತಾರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚಿರಬೇಕು. ವಯಸ್ಸು ಹೆಚ್ಚಿದಂತೆ ಲಸಿಕೆಗೆ ದೇಹದ ಪ್ರತಿಕ್ರಿಯೆ ಕುಂದುವುದರಿಂದ ಈ ಪರೀಕ್ಷೆ ಬಿಡಬೇಡಿ. ಕೈಗವಸಿನ ಲೇಟೆಕ್ಸಿಗೆ ಅಲರ್ಜಿ ಇದ್ದರೆ ನೈಟ್ರೈಲ್ ಗ್ಲೌಸ್ ಇದೆ, ಅದು ದೊಡ್ಡ ಅಡ್ಡಿಯಲ್ಲ.

ಹಂತ 4: ಹಣದ ಲೆಕ್ಕ, ಬಡ್ಡಿ ಸಮೇತ

ಬಿಡಿಎಸ್ ನಾಲ್ಕು ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಖರ್ಚೆಂದರೆ ಶುಲ್ಕ ಮಾತ್ರ ಎಂದುಕೊಳ್ಳುವುದು ಮೊದಲ ತಪ್ಪು. ವಯಸ್ಕರ ಲೆಕ್ಕದಲ್ಲಿ ಬಿಟ್ಟ ಸಂಬಳ ಶುಲ್ಕಕ್ಕೆ ಹತ್ತಿರ ಹತ್ತಿರ ಬರುತ್ತದೆ.

ಲೆಕ್ಕದ ರೀತಿ ತಿಳಿಯಲು ಒಂದು ಉದಾಹರಣೆ. ಅಂಕಿಗಳನ್ನು ತೆಗೆದು ನಿಮ್ಮದನ್ನು ಹಾಕಿ. ವರ್ಷಕ್ಕೆ 5 ಲಕ್ಷದಂತೆ ನಾಲ್ಕು ವರ್ಷದ ಶುಲ್ಕ 20 ಲಕ್ಷ. ಪುಸ್ತಕ, ಉಪಕರಣ, ಪರೀಕ್ಷಾ ಶುಲ್ಕ 1.5 ಲಕ್ಷ. ತಿಂಗಳಿಗೆ 6,000ದಂತೆ 60 ತಿಂಗಳ ಓಡಾಟ ಅಥವಾ ವಸತಿ 3.6 ಲಕ್ಷ. ಈಗಿನ ಸಂಬಳ 25,000 ಆದರೆ 60 ತಿಂಗಳಲ್ಲಿ ಹೋಗುವುದು 15 ಲಕ್ಷ. ಒಟ್ಟು 40.1 ಲಕ್ಷ. ಒಂದು ವಿಷಯ ಉಳಿದು ಆರು ತಿಂಗಳು ಹಿಂದೆ ಬಿದ್ದರೆ ಇನ್ನೂ ಒಂದೂವರೆ ಲಕ್ಷ ಸಂಬಳ ಕಳೆಯಿರಿ.

ಇನ್ನು ಸಾಲ. 20 ಲಕ್ಷವನ್ನು ವರ್ಷಕ್ಕೆ 5 ಲಕ್ಷದಂತೆ ಪಡೆದು, ಶೇ. 10ರ ಬಡ್ಡಿ ಎಂದುಕೊಳ್ಳಿ. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಇಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ ಪಡೆದ 5 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ಐದು, ಮತ್ತೆ ನಾಲ್ಕು, ಮೂರು; ಸರಳ ಬಡ್ಡಿಯೇ 9 ಲಕ್ಷ. ಮರುಪಾವತಿ ಶುರುವಾಗುವ ದಿನ ಸಾಲ 29 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 38,300 ರೂಪಾಯಿ. 20 ಲಕ್ಷಕ್ಕೆ ಮಾತ್ರ ಲೆಕ್ಕ ಹಾಕಿದವರಿಗೆ ಇದು 26,400 ಎಂದು ಕಾಣುತ್ತದೆ. ತಿಂಗಳಿಗೆ 12,000ದ ಈ ವ್ಯತ್ಯಾಸವೇ ಮುಂದೆ ಮನೆಯನ್ನು ಅಲ್ಲಾಡಿಸುವುದು. 38ಕ್ಕೆ ಸೇರಿದವರು 44ಕ್ಕೆ ಕಂತು ಶುರು ಮಾಡಿ 54ಕ್ಕೆ ಮುಗಿಸುತ್ತಾರೆ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತ ಬರಲು ಮನೆಯವರಿಗೆ ಸಾಧ್ಯವಾದರೆ ಆ 9 ಲಕ್ಷ ಅಸಲಿಗೆ ಸೇರುವುದಿಲ್ಲ.

7.5 ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡುವ ಕೇಂದ್ರದ ಖಾತರಿ ಯೋಜನೆ ಇದೆ. ಅದಕ್ಕೆ ಮೇಲೆ ಬ್ಯಾಂಕು ಆಧಾರ ಕೇಳುತ್ತದೆ, ಹೆಚ್ಚಾಗಿ ಅಡಿಕೆ ತೋಟ ಅಥವಾ ಮನೆಯ ಪಟ್ಟೆ. ತಂದೆ ತಾಯಿಗೆ ಎಪ್ಪತ್ತು ದಾಟಿದ್ದರೆ ಜಂಟಿ ಸಾಲಗಾರರಾಗಿ ಗಂಡ ಅಥವಾ ಹೆಂಡತಿ ಸಹಿ ಹಾಕಬೇಕಾದೀತು. ಅವರ ಒಪ್ಪಿಗೆ ಬಾಯಿಮಾತಿನದ್ದಾಗದಿರಲಿ. ಈ ಲೆಕ್ಕದ ಹಾಳೆಯನ್ನು ಮುಂದಿಟ್ಟು ಕೇಳಿ. ಕುಟುಂಬದ ಒಂದೇ ಜಮೀನನ್ನು, ಅಣ್ಣ ತಮ್ಮಂದಿರ ಪಾಲು ಆಗದೆ, ಅಡವಿಡಬೇಡಿ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಎಂಟು ವರ್ಷ ಸಿಗುತ್ತದೆ, ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ.

ಕೇರಳ ಸರಕಾರಿ ನೌಕರರು ರಾಜೀನಾಮೆ ಬರೆಯುವ ಮೊದಲು ಸೇವಾ ನಿಯಮದ ಅನುಬಂಧ 12 ಬಿ ಓದಬೇಕು. ಓದಿಗಾಗಿ ವೇತನರಹಿತ ರಜೆ ಅದರಲ್ಲಿದೆ. ರಜೆಯ ಅವಧಿ ಪಿಂಚಣಿಗೆ, ಬಡ್ತಿಗೆ ಹೇಗೆ ಲೆಕ್ಕವಾಗುತ್ತದೆಂದು ಕಚೇರಿಯಿಂದ ಲಿಖಿತವಾಗಿ ಕೇಳಿ.

ಹಂತ 5: ದಾರಿ ಮತ್ತು ದಿನಚರಿ

ಕಾಸರಗೋಡಿನವರಿಗೆ ಸುತ್ತಮುತ್ತ ಕಾಲೇಜುಗಳ ಕೊರತೆ ಇಲ್ಲ. ಜಿಲ್ಲೆಯ ಒಳಗೆ ಪೊಯಿನಾಚಿಯಲ್ಲಿ ಸೆಂಚುರಿ, ಗಡಿಯಾಚೆ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೇನೆಪೋಯ. ಮಂಗಳೂರಿನಲ್ಲಿ ಮಣಿಪಾಲ ಮತ್ತು ಎ.ಜೆ.; ಮುಕ್ಕದಲ್ಲಿ ಶ್ರೀನಿವಾಸ; ಸುಳ್ಯದಲ್ಲಿ ಕೆ.ವಿ.ಜಿ.; ದಕ್ಷಿಣಕ್ಕೆ ಪರಿಯಾರಂ. ಮಂಜೇಶ್ವರ, ಉಪ್ಪಳದವರಿಗೆ ದೇರಳಕಟ್ಟೆ ಮನೆಯಿಂದಲೇ ಹೋಗಿಬರುವ ದೂರ. ಮುಳ್ಳೇರಿಯ, ಆದೂರು ಕಡೆಯವರಿಗೆ ಜಾಲ್ಸೂರು ದಾರಿಯಲ್ಲಿ ಸುಳ್ಯ ಅನುಕೂಲ. ಕಾಞಂಗಾಡಿನವರು ದಿನಾ ಮುಕ್ಕಕ್ಕೆ ಹೋಗಿಬರುತ್ತೇನೆ ಎಂದರೆ ಅದು ನಡೆಯುವ ಮಾತಲ್ಲ.

ಥಿಯರಿ ಮತ್ತು ಪ್ರಾಯೋಗಿಕ ಎರಡರಲ್ಲೂ ಪ್ರತ್ಯೇಕವಾಗಿ ಶೇ. 75 ಹಾಜರಿ ಬೇಕು. ಮಗುವಿನ ಜ್ವರ, ಅತ್ತೆಯ ಆಸ್ಪತ್ರೆ, ಮನೆಯ ಕೋಲ, ಮದುವೆ ಎಲ್ಲವೂ ಉಳಿದ 25ರಲ್ಲಿ ಮುಗಿಯಬೇಕು. ಮೂರನೇ ವರ್ಷದಿಂದ ರೋಗಿಗಳ ಚಿಕಿತ್ಸೆ. ಇಷ್ಟು ಹಲ್ಲು ಕೀಳುವುದು, ಇಷ್ಟು ದಂತಪಂಕ್ತಿ, ಇಷ್ಟು ಫಿಲ್ಲಿಂಗ್ ಎಂದು ಲೆಕ್ಕ ಪೂರೈಸಬೇಕು. ರೋಗಿ ಬಾರದ ದಿನ ಆ ಕೆಲಸ ಮುಂದಕ್ಕೆ ಹೋಗುತ್ತದೆ. ಇಲ್ಲಿ ಗಡಿನಾಡಿನ ವಯಸ್ಕ ವಿದ್ಯಾರ್ಥಿಗೆ ನಿಜವಾದ ಅನುಕೂಲವೊಂದಿದೆ: ಕನ್ನಡ, ತುಳು, ಮಲಯಾಳ, ಬ್ಯಾರಿ ಭಾಷೆಗಳಲ್ಲಿ ಮೂರಾದರೂ ಬಾಯಲ್ಲಿರುತ್ತವೆ, ಊರ ಪರಿಚಯವಿರುತ್ತದೆ, ರೋಗಿಗಳು ನಂಬಿ ಮತ್ತೆ ಬರುತ್ತಾರೆ.

ಕೊನೆಯ ವರ್ಷ ಎಂಟು ವಿಷಯ. ಸೇರಿದ ದಿನದಿಂದ ಮೂರು ವರ್ಷದೊಳಗೆ ಮೊದಲ ವರ್ಷದ ವಿಷಯಗಳು ಮುಗಿಯಬೇಕು, ಇಂಟರ್ನ್‌ಶಿಪ್ ಸೇರಿ ಒಂಬತ್ತು ವರ್ಷದೊಳಗೆ ಕೋರ್ಸೇ ಮುಗಿಯಬೇಕು. ಅರೆಕಾಲಿಕ ಬಿಡಿಎಸ್ ಇಲ್ಲ, ಅಂಚೆ ತೆರಪಿನ ಬಿಡಿಎಸ್ ಇಲ್ಲ. ನರ್ಸಿಂಗ್, ಫಾರ್ಮಸಿ ಓದಿದವರಿಗೂ ನೇರ ಎರಡನೇ ವರ್ಷಕ್ಕೆ ಪ್ರವೇಶ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 6: ಪದವಿಯ ನಂತರದ ಐದು ವರ್ಷ ಬರೆಯಿರಿ

ಇದನ್ನು ಸೇರಿದ ಮೇಲೆ ಯೋಚಿಸೋಣ ಎಂದು ಬಿಡಬಾರದು. ಸರಕಾರಿ ನೇಮಕಾತಿಗೆ ಗರಿಷ್ಠ ವಯಸ್ಸು ಇರುವುದರಿಂದ ನಲವತ್ತೈದಕ್ಕೆ ಪದವಿ ಮುಗಿಸುವವರು ಆ ಬಾಗಿಲು ಮುಚ್ಚಿದೆ ಎಂದೇ ತಿಳಿದು ಯೋಜಿಸಲಿ. ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿಗೆ ಮತ್ತೆ ಮೂರು ವರ್ಷ. ಉಳಿಯುವುದು ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕ ವೈದ್ಯರಾಗುವುದು, ಅಥವಾ ಸ್ವಂತ ಕ್ಲಿನಿಕ್. ಮೊದಲ ಹಂತದಲ್ಲಿ ನೋಡಿದ ಕ್ಲಿನಿಕ್ಕುಗಳಲ್ಲೇ ಹೊಸ ಬಿಡಿಎಸ್‌ಗೆ ತಿಂಗಳಿಗೆ ಎಷ್ಟು ಕೊಡುತ್ತಾರೆಂದು ಮೂರು ಕಡೆ ಕೇಳಿ, ಆ ಅಂಕಿಯನ್ನು ನಾಲ್ಕನೇ ಹಂತದ ಕಂತಿನ ಪಕ್ಕದಲ್ಲಿ ಬರೆಯಿರಿ. ಕಂತೇ ದೊಡ್ಡದಾದರೆ, ಕಡಿಮೆ ಶುಲ್ಕದ ಸೀಟು ಸಿಕ್ಕಿದರೆ ಮಾತ್ರ ಹೋಗುವುದೆಂದು ಈಗಲೇ ತೀರ್ಮಾನಿಸಿ.

ಕರ್ನಾಟಕದಲ್ಲಿ ಓದಿ ಕಾಸರಗೋಡಿನಲ್ಲಿ ಕೆಲಸ ಮಾಡುವವರು ಕೇರಳ ದಂತ ಪರಿಷತ್ತಿನಲ್ಲಿ ನೋಂದಾಯಿಸಬೇಕು. ಕ್ಲಿನಿಕ್ಕಿಗೆ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯ ನೋಂದಣಿ, ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ವೈದ್ಯಕೀಯ ತ್ಯಾಜ್ಯಕ್ಕೆ ಒಪ್ಪಂದ, ಸ್ಥಳೀಯ ಪಂಚಾಯತಿನ ಪರವಾನಗಿ, ಇವು ಖರ್ಚಿನ ಪಟ್ಟಿಯಲ್ಲಿ ಇರಲಿ. 2023ರ ರಾಷ್ಟ್ರೀಯ ದಂತ ಆಯೋಗ ಕಾಯಿದೆಯಲ್ಲಿ ಕೊನೆಯ ವರ್ಷಕ್ಕೆ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆಯ ವಿಧಿಯೂ ಇದೆ, ಪರವಾನಗಿ ಅದಕ್ಕೆ ತಳಕು ಹಾಕಿಕೊಳ್ಳುತ್ತದೆ.

ಹಂತ 7: ಕೆಲಸ ಬಿಡದೆ 90 ದಿನದ ನೀಟ್ ಪರೀಕ್ಷೆ

ಈಗ ನೀಟ್. 2025ರಿಂದ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಅಟ್ಟದ ಮೇಲಿರುವ ಹಳೆಯ ಪುಸ್ತಕ ತೆಗೆಯಬೇಡಿ. ಪಠ್ಯಕ್ರಮ 2024ರಲ್ಲಿ ಪರಿಷ್ಕಾರವಾಗಿದೆ. ಹೊಸ ಎನ್‌ಸಿಇಆರ್‌ಟಿ ಪುಸ್ತಕಗಳನ್ನೂ ಅಧಿಕೃತ ಪಠ್ಯಕ್ರಮದ ಪಟ್ಟಿಯನ್ನೂ ಪಕ್ಕದಲ್ಲಿಟ್ಟು, ತೆಗೆದುಹಾಕಿದ ಪಾಠಗಳಿಗೆ ಗೆರೆ ಎಳೆಯಿರಿ.

ವಾರಕ್ಕೆ ಆರು ದಿನ, ದಿನಕ್ಕೆ ಎರಡೂವರೆ ಗಂಟೆ. ಹದಿಮೂರು ವಾರಕ್ಕೆ 78 ದಿನ, 195 ಗಂಟೆ. ಜೀವಶಾಸ್ತ್ರದಲ್ಲಿ ಜೀವಕೋಶ ಮತ್ತು ಮಾನವ ಶರೀರಕ್ರಿಯೆ, ರಸಾಯನದಲ್ಲಿ ಮೋಲ್ ಲೆಕ್ಕ, ರಾಸಾಯನಿಕ ಬಂಧ, ಭೌತದಲ್ಲಿ ಚಲನೆಯ ನಿಯಮ ಮತ್ತು ವಿದ್ಯುತ್ ಪ್ರವಾಹ ಇಷ್ಟು ಸಾಕು. ಇಷ್ಟದ ಜೀವಶಾಸ್ತ್ರವನ್ನೇ ದಿನಾ ಓದಿ ಭೌತವನ್ನು ಮುಂದೂಡುವುದು ವಯಸ್ಕರಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಭೌತವನ್ನು ಮೊದಲ 50 ನಿಮಿಷಕ್ಕೆ ಇಡಿ.

30, 60, 90ನೇ ದಿನ ಹಿಂದಿನ ವರ್ಷದ ಪೂರ್ತಿ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು. ಇಲ್ಲಿ ಎರಡು ಸಂಖ್ಯೆ ನೋಡಿ. ಒಂದು, 78ರಲ್ಲಿ ಕನಿಷ್ಠ 62 ದಿನ ಎರಡೂವರೆ ಗಂಟೆ ಪೂರ್ತಿ ಕೂತಿರಾ? ಎರಡು, ಓದಿದ ಪಾಠಗಳ ಪ್ರಶ್ನೆಗಳಲ್ಲಿ ಸರಿಯಾದ ಪಾಲು ಪ್ರತಿ ಸಲ ಏರಿತೇ? ಒಟ್ಟು ಅಂಕ ಈಗ ಲೆಕ್ಕಕ್ಕಿಲ್ಲ. ಮೊದಲನೆಯದೇ ಆಗದಿದ್ದರೆ ತೊಂದರೆ ಬುದ್ಧಿಯದ್ದಲ್ಲ, ಮನೆಯ ವ್ಯವಸ್ಥೆಯದ್ದು. ಅದನ್ನು ಸರಿಮಾಡದೆ ಕೋಚಿಂಗಿಗೆ ಕಟ್ಟಿದ ಹಣ ವ್ಯರ್ಥ.

ಅರ್ಹತಾ ಗೆರೆ ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಮೀಸಲು ವರ್ಗಗಳಿಗೆ 40. ಅದು ಶೇಕಡಾ ಅಂಕವಲ್ಲ, ಪರೀಕ್ಷೆ ಬರೆದವರಲ್ಲಿ ಎಷ್ಟು ಪಾಲು ಜನರಿಗಿಂತ ಮೇಲಿದ್ದೀರಿ ಎಂಬ ಲೆಕ್ಕ; ಆ ಗೆರೆ ದಾಟಿದರೆ ಸೀಟು ಸಿಗುತ್ತದೆ ಎಂದೂ ಅಲ್ಲ. ನಿಮ್ಮ ಗುರಿಯ ಕಾಲೇಜಿನಲ್ಲಿ ನಿಮ್ಮ ವರ್ಗಕ್ಕೆ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿದ ಕೊನೆಯ ರ‍್ಯಾಂಕನ್ನು, ಸೀಟು ಹಂಚುವ ಕೌನ್ಸೆಲಿಂಗ್ ಪ್ರಾಧಿಕಾರದ ಹಿಂದಿನ ವರ್ಷಗಳ ಪಟ್ಟಿಯಿಂದ ತೆಗೆದು ಬರೆದಿಡಿ.

ಭಾಷೆಯ ವಿಷಯದಲ್ಲಿ ಎಚ್ಚರ. ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕಿದ್ದವರು ಅರ್ಜಿಯಲ್ಲಿ ಮಂಗಳೂರಿನಂಥ ಕೇಂದ್ರ ಆರಿಸಬೇಕು. ಕಾಸರಗೋಡು, ಕಣ್ಣೂರಿನ ಕೇಂದ್ರದಲ್ಲಿ ಅದು ಇರದು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಬಿಡಿಎಸ್ ಪೂರ್ತಿ ಇಂಗ್ಲಿಷಿನಲ್ಲೇ ಇರುವುದರಿಂದ ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಈ 90 ದಿನಗಳಲ್ಲೇ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಲಿ.

ಹಂತ 8: ಮೂರು ಬಾಗಿಲು, ಮೂರು ಅರ್ಜಿ

ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರ. ಫಲಿತಾಂಶ ಬಂದ ಮೇಲೆ ನೋಡೋಣ ಎನ್ನುವವರು ಎರಡು ಬಾಗಿಲು ಕಳೆದುಕೊಳ್ಳುತ್ತಾರೆ.

ಕೇರಳದ ಸೀಟುಗಳಿಗೆ ಪ್ರವೇಶ ಪರೀಕ್ಷಾ ಆಯುಕ್ತರು ಕರೆಯುವ, ಕೀಮ್ ಎಂಬ ರಾಜ್ಯ ಪ್ರವೇಶ ಅರ್ಜಿಯನ್ನು ವರ್ಷದ ಆರಂಭದ ತಿಂಗಳುಗಳಲ್ಲೇ ಹಾಕಿರಬೇಕು, ನೀಟ್ ಬರೆಯುವವರಾದರೂ. ಕರ್ನಾಟಕದ ಎ.ಜೆ., ಶ್ರೀನಿವಾಸ, ಕೆ.ವಿ.ಜಿ. ಥರದ ಕಾಲೇಜುಗಳ ಸರಕಾರಿ ಪಾಲಿನ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ನೋಂದಣಿ. ಅದರಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯ ಖಂಡವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಗಳು ಅದರಲ್ಲಿ ಬರುತ್ತವೆ. ಅಲ್ಲಿ ವಾಸವಿದ್ದು ಓದಿದ್ದಕ್ಕೆ ಶಾಲೆಗಳ ವ್ಯಾಸಂಗ ಪತ್ರ, ತಹಶೀಲ್ದಾರರ ಪತ್ರ ಬೇಕು, ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಸಿಇಟಿಯ ಹೊತ್ತಿಗೇ ನಡೆಯುತ್ತದೆ. ಇಪ್ಪತ್ತು ವರ್ಷ ಹಿಂದಿನ ಶಾಲೆಯ ವ್ಯಾಸಂಗ ಪತ್ರಕ್ಕೆ ಹಳೆಯ ದಾಖಲಾತಿ ಪುಸ್ತಕ ಹುಡುಕಿಸಬೇಕಾಗುತ್ತದೆ. ಓಣಂ ರಜೆಗೆ ಮೊದಲೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟುಬಿಡಿ.

ನಿಟ್ಟೆಯ ಎ.ಬಿ. ಶೆಟ್ಟಿ, ಯೇನೆಪೋಯ, ಮಣಿಪಾಲ ಡೀಮ್ಡ್ ವಿಶ್ವವಿದ್ಯಾನಿಲಯದವು. ಸೀಟು ಹಂಚುವುದು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಊರು, ರಾಜ್ಯ ಇಲ್ಲಿ ಲೆಕ್ಕಕ್ಕಿಲ್ಲ, ಶುಲ್ಕ ಹೆಚ್ಚು. ನೋಂದಣಿಗೆ 5,000 ರೂಪಾಯಿ, ಜತೆಗೆ 2 ಲಕ್ಷ ಮರಳಿಸುವ ಠೇವಣಿ. ಮೊದಲ ಸುತ್ತಿನಲ್ಲಿ ಸಿಕ್ಕಿದ ಸೀಟು ಬಿಟ್ಟರೆ ಠೇವಣಿ ಉಳಿಯುತ್ತದೆ, ಮುಂದಿನ ಸುತ್ತುಗಳಲ್ಲಿ ಬಿಟ್ಟರೆ ಹೋಗುತ್ತದೆ. ಓದಲು ಮನಸ್ಸಿಲ್ಲದ ಕಾಲೇಜನ್ನು ಆಯ್ಕೆ ಪಟ್ಟಿಯಲ್ಲಿ ತುಂಬಬೇಡಿ.

ಅಪಾಯದ ಸೂಚನೆಗಳು ಈ ಹಂತದಲ್ಲೇ ಹೆಚ್ಚು. ನೀಟ್ ಇಲ್ಲದೆ ಸೀಟು, ಕೌನ್ಸೆಲಿಂಗ್ ಇಲ್ಲದೆ ನೇರ ಮ್ಯಾನೇಜ್‌ಮೆಂಟ್ ಸೀಟು, ಮುಂಗಡ ನಗದು, ಮೂಲ ಅಂಕಪಟ್ಟಿ ಏಜೆಂಟರ ಕೈಯಲ್ಲಿ, ಈ ನಾಲ್ಕರಲ್ಲಿ ಒಂದು ಕಂಡರೂ ಮಾತು ಮುಗಿಸಿ. ವಿದೇಶದ ದಂತ ಪದವಿಗೆ ಭಾರತದಲ್ಲಿ ಸ್ಕ್ರೀನಿಂಗ್ ಪರೀಕ್ಷೆ ಪಾಸಾಗದೆ ನೋಂದಣಿ ಸಿಗುವುದಿಲ್ಲ.

ಸೀಟು ಸಿಕ್ಕಿ ಕಾಲೇಜಿಗೆ ವರದಿ ಮಾಡುವ ದಿನ ಹಣ ಕಟ್ಟುವ ಮೊದಲು ಬಾಂಡಿನ ಷರತ್ತನ್ನು ಅಲ್ಲೇ ಕೂತು ಪೂರ್ತಿ ಓದಿ. ನಡುವೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕಟ್ಟಬೇಕೇ, ಯಾವ ದಿನಾಂಕದೊಳಗೆ ಬಿಟ್ಟರೆ ದಂಡವಿಲ್ಲ, ಇಂಟರ್ನ್‌ಶಿಪ್ ವರ್ಷಕ್ಕೂ ಶುಲ್ಕ ಇದೆಯೇ, ಮೂಲ ದಾಖಲೆ ಯಾವಾಗ ಹಿಂತಿರುಗುತ್ತದೆ ಎಂಬ ನಾಲ್ಕು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಪ್ರತಿ ಮೂಲ ದಾಖಲೆಯ ಐದು ದೃಢೀಕೃತ ಪ್ರತಿ ಮನೆಯಲ್ಲಿರಲಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ. ಕೆಲಸದ ರಾಜೀನಾಮೆ ಅಥವಾ ರಜೆಯ ಅರ್ಜಿಯನ್ನು ಕೊಡುವುದು ಈ ರಸೀದಿ ಕೈಗೆ ಬಂದ ಮೇಲೆ.